ಪ್ಲಾಸ್ಟರ್ ಹಾಕಿದ ಮಗುವಿಗೆ ನೆಮ್ಮದಿಯ ನಿದ್ರೆ



ಪ್ಲಾಸ್ಟರ್ ಹಾಕಿದ ಮೊದಲ 2-3 ರಾತ್ರಿ ಮಗುವಿಗೆ ಸರಿಯಾಗಿ ನಿದ್ರೆ ಬರುವುದಿಲ್ಲ. ಮೂಳೆ ಮುರಿದ ಜಾಗ ಬಾತುಕೊಳ್ಳುತ್ತದೆ, ಪ್ಲಾಸ್ಟರ್ ಹಿಗ್ಗುವುದಿಲ್ಲ. ಆದ್ದರಿಂದ ಒಳಗೆ ಬಿಗಿಯಾಗಿ ನೋಯುತ್ತದೆ.

ಮಲಗಿಸುವಾಗ ಹೀಗೆ ಮಾಡಿ:

1. ಕೈ ಅಥವಾ ಕಾಲನ್ನು ದಿಂಬುಗಳ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಡಿ. ಬಾವು ಇಳಿಯುತ್ತದೆ. ಹಿಮ್ಮಡಿ ಹಾಸಿಗೆಗೆ ಒತ್ತದಿರಲಿ.

2. ಮಂಚದ ಬದಲು ನೆಲದ ಮೇಲೆ ಹಾಸಿಗೆ ಹಾಕಿ. ಬೀಳುವ ಭಯವಿಲ್ಲ.

3. ಪಿ.ಓ.ಪಿ. ಪೂರ್ತಿ ಒಣಗಲು ಸುಮಾರು 48 ಗಂಟೆ ಬೇಕು. ಅಲ್ಲಿಯವರೆಗೆ ಅದರ ಮೇಲೆ ಕಂಬಳಿ ಹೊದಿಸಬೇಡಿ.

4. ನೋವಿನ ಔಷಧವನ್ನು ವೈದ್ಯರು ಬರೆದ ಅಳತೆಯಲ್ಲೇ, ಹೊತ್ತಿಗೆ ಸರಿಯಾಗಿ ಕೊಡಿ.

5. ತುರಿಕೆಯೆಂದು ಒಳಗೆ ಕಡ್ಡಿ ತೂರಿಸಬೇಡಿ, ಎಣ್ಣೆ ಬಿಡಬೇಡಿ.

ಮಲಗುವ ಮುನ್ನ ಮತ್ತು ನಡುರಾತ್ರಿ ಎದ್ದು ಬೆರಳು ನೋಡಿ. ಉಗುರನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು.

ಔಷಧ ಕೊಟ್ಟರೂ ನೋವು ಏರುತ್ತಿದ್ದರೆ, ಬೆರಳನ್ನು ಮೆಲ್ಲಗೆ ನೀಡಿಸಿದಾಗ ಮಗು ಚೀರಿದರೆ, ಬೆರಳು ತಣ್ಣಗಾದರೆ, ಬಿಳಿಚಿಕೊಂಡರೆ, ನೀಲಿಯಾದರೆ ಅಥವಾ ಜೋಮು ಹಿಡಿದರೆ, ಹಟ ಮಾಡುತ್ತಿದೆ ಎಂದು ಗದರಬೇಡಿ. ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ರಕ್ತಸಂಚಾರ ಕೆಲವೇ ಗಂಟೆ ತಡೆದರೂ ಮಾಂಸಖಂಡ ಶಾಶ್ವತವಾಗಿ ಹಾಳಾಗಬಹುದು. ಪ್ಲಾಸ್ಟರನ್ನು ಮತ್ತೆ ಹಾಕಬಹುದು. ಹೋದ ಕೈಕಾಲಿನ ಶಕ್ತಿ ಮರಳಿ ಬರುವುದು ಕಷ್ಟ.