ಗುಟ್ಟನ್ನು ಬಯಲಿಗಿಟ್ಟ ಗ್ರಂಥಗಳು

ಯಕ್ಷಿಣಿ, ಗಾರುಡಿ, ಕಣ್ಣುಕಟ್ಟು, ಕೈಚಳಕ, ಜಾದೂ—ಒಂದೇ ವಿದ್ಯೆಗೆ ನಮ್ಮ ನುಡಿಯಲ್ಲಿ ಇಷ್ಟೊಂದು ಹೆಸರುಗಳಿವೆ. ಈ ವಿದ್ಯೆಯ ಜೀವಾಳವಿರುವುದು ಗೋಪ್ಯದಲ್ಲಿ. ಗುಟ್ಟು ರಟ್ಟಾದ ಆಟಕ್ಕೆ ನೋಟಕರಿಲ್ಲ. ಹೀಗಿರಲು, ಆ ಗುಟ್ಟುಗಳನ್ನೇ ಅಚ್ಚುಹಾಕಿಸಿ ಬೆಲೆ ಕೊಟ್ಟವರಿಗೆಲ್ಲ ಮಾರುವುದೆಂದರೆ ವಿಚಿತ್ರವೇ ಸರಿ. ಆದರೂ ಯೂರೋಪು, ಅಮೆರಿಕ ಖಂಡಗಳಲ್ಲಿ ಕಳೆದ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದಿಂದ ಇಂಥ ಗ್ರಂಥಗಳು ಸಾವಿರಗಟ್ಟಲೆ ಹೊರಬಂದಿವೆ. ಅವನ್ನು ಹುಡುಕಿ ಕೂಡಿಡುವವರೂ ಇದ್ದಾರೆ. ಇದನ್ನು ಕೇವಲ ಹಣವಂತರ ಹವ್ಯಾಸವೆಂದು ನಾವು ಬದಿಗೊತ್ತಬೇಕಾಗಿಲ್ಲ. ಹಳೆಯ ಪುಸ್ತಕವೊಂದು ತನ್ನನ್ನು ಕುರಿತು ಹೇಳಿಕೊಳ್ಳುವುದು ನಿಜವೆ, ಅದನ್ನು ಕುರಿತು ಇತರರು ಹೇಳುವುದು ನಿಜವೆ ಎಂದು ಪರೀಕ್ಷಿಸುವುದೇ ಸಂಗ್ರಾಹಕನ ಮುಖ್ಯ ಕೆಲಸ. ಆ ಪರೀಕ್ಷೆಯ ಕ್ರಮವು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ.

ಈ ಸಾಲಿನ ಗ್ರಂಥಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. 1584ರಲ್ಲಿ ಲಂಡನ್ನಿನಲ್ಲಿ 'ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್' ಎಂಬ ಗ್ರಂಥವು ಪ್ರಕಟವಾಯಿತು. ಡಿಸ್ಕವರಿ ಎಂಬ ಮಾತಿಗೆ ಅಂದು ಮುಸುಕು ತೆಗೆದು ತೋರಿಸುವುದೆಂದು ಅರ್ಥ. ಕರ್ತೃ ಕೆಂಟ್ ಪ್ರಾಂತದ ರೆಜಿನಾಲ್ಡ್ ಸ್ಕಾಟ್ ಎಂಬ ಗೃಹಸ್ಥ. ಈತನು ಯಕ್ಷಿಣಿಗಾರನಲ್ಲ. ಮಾಟಮಂತ್ರಗಳಿಂದ ಕೊಲೆ ಮಾಡಿದವರಿಗೆ ಮರಣದಂಡನೆ ವಿಧಿಸುವ ಶಾಸನವೊಂದು ಇಂಗ್ಲೆಂಡಿನಲ್ಲಿ 1563ರಲ್ಲಿಯೇ ಜಾರಿಗೆ ಬಂದಿದ್ದಿತು. 1582ರಲ್ಲಿ ಎಸೆಕ್ಸ್ ಪ್ರಾಂತದ ಸೇಂಟ್ ಓಸಿತ್ ಎಂಬ ಗ್ರಾಮದ ಹೆಂಗಸರು ಇಂಥ ಆಪಾದನೆಗೆ ಸಿಕ್ಕಿ ಗಲ್ಲಿಗೇರಿದರು. ನೆರೆಹೊರೆಯವರ ಜಗಳ, ಮಕ್ಕಳಿಂದ ಹೇಳಿಸಿದ ಸಾಕ್ಷ್ಯ, ಪುಸಲಾಯಿಸಿ ಪಡೆದ ತಪ್ಪೊಪ್ಪಿಗೆ—ಇವೇ ಅಲ್ಲಿನ ಪ್ರಮಾಣಗಳು. ಬಡ ಮುದುಕಿಯರನ್ನು ಕೊಲ್ಲಲು ಇಷ್ಟು ಸಾಕೆ ಎಂಬುದು ಸ್ಕಾಟನ ಪ್ರಶ್ನೆ.

ಹದಿನಾರು ಭಾಗಗಳ ಈ ಗ್ರಂಥದಲ್ಲಿ ಯಕ್ಷಿಣಿಯ ವಿವರಣೆಗೆ ಮೀಸಲಾಗಿರುವುದು ಸ್ವಲ್ಪ ಭಾಗ ಮಾತ್ರ. ಆದರೆ ವಾದದ ಬಲವೆಲ್ಲ ಅಲ್ಲಿದೆ. ನಾಲಗೆಯೊಳಕ್ಕೆ ದಬ್ಬಳ ಚುಚ್ಚಿಕೊಂಡು ನೋವಿಲ್ಲದೆ ನಗುವವನ ಕೈಯಲ್ಲಿರುವುದು ಬಾಗಿಸಿದ ದಬ್ಬಳ. ಹಣೆಗೆ ಚುಚ್ಚುವ ದಬ್ಬಳದ ಹಿಡಿ ಟೊಳ್ಳು. ಒತ್ತಿದರೆ ಮೊನೆ ಹಿಡಿಯೊಳಕ್ಕೆ ಸರಿಯುತ್ತದೆ. ತಲೆ ಕಡಿದು ತಟ್ಟೆಯಲ್ಲಿಡುವ ಆಟದಲ್ಲಿ ಮೇಜಿಗೂ ತಟ್ಟೆಗೂ ತೂತುಗಳಿದ್ದು, ಒಬ್ಬ ಹುಡುಗನ ಮೈಯೂ ಮತ್ತೊಬ್ಬನ ತಲೆಯೂ ಕಾಣುವಂತೆ ಏರ್ಪಾಡಾಗಿರುತ್ತದೆ. ಇವನ್ನೆಲ್ಲ ಆತನು ಮರದ ಅಚ್ಚಿನ ಚಿತ್ರಗಳ ಸಹಿತ ವಿವರಿಸಿದ್ದಾನೆ. ಹೊಟ್ಟೆಗೆ ಕಠಾರಿ ಚುಚ್ಚಿಕೊಳ್ಳುವ ಆಟದಲ್ಲಿ, ಕುಡಿದ ಅಮಲಿನಲ್ಲಿ ಒಳಗಿನ ರಕ್ಷಾಫಲಕವನ್ನು ಕಟ್ಟಿಕೊಳ್ಳಲು ಮರೆತು ಪ್ರಾಣ ಬಿಟ್ಟ ಲಂಡನ್ನಿನ ಆಟಗಾರನ ಸಂಗತಿಯೂ ಅಲ್ಲಿಯೇ ಬರುತ್ತದೆ. ಯಾವ ಪಿಶಾಚಿಯ ನೆರವೂ ಇಲ್ಲದೆ ಇಷ್ಟೆಲ್ಲ ಸಾಧ್ಯವಾಗುವಾಗ, ಕಣ್ಣಾರೆ ಕಂಡೆನೆಂಬ ಮಾತಿನ ಮೇಲೆ ಒಬ್ಬಳನ್ನು ಗಲ್ಲಿಗೇರಿಸುವುದು ಹೇಗೆ? ಇದು ಆತನ ವಾದ. ಈ ಗುಟ್ಟುಗಳನ್ನು ಬಯಲಿಗಿಡುವುದರಿಂದ ಆಟವನ್ನೇ ನೆಚ್ಚಿದ ಬಡವರ ಹೊಟ್ಟೆಯ ಮೇಲೆ ಹೊಡೆದಂತಾಗುವುದೆಂದು ಆತನು ವ್ಯಥೆಪಟ್ಟಿರುವುದೂ ಉಂಟು.

ಇನ್ನು ಈ ಗ್ರಂಥವನ್ನು ಕುರಿತ ಕಥೆ. ಸ್ಕಾಟ್‌ಲೆಂಡಿನ ಅರಸ ಆರನೆಯ ಜೇಮ್ಸನು ಮಾಟವನ್ನು ನಂಬಿದವನು; 1597ರಲ್ಲಿ ತಾನು ಬರೆದ 'ಡೀಮನಾಲಜಿ'ಯಲ್ಲಿ ಸ್ಕಾಟನ ಹೆಸರೆತ್ತಿಯೇ ಖಂಡಿಸಿದನು. ಈತನು 1603ರಲ್ಲಿ ಇಂಗ್ಲೆಂಡಿನ ಪಟ್ಟವೇರಿದೊಡನೆ ಗ್ರಂಥದ ಪ್ರತಿಗಳನ್ನೆಲ್ಲ ಸುಡಿಸಿದನೆಂದೂ, ಆದುದರಿಂದಲೇ ಮೊದಲನೆಯ ಮುದ್ರಣವು ಅಪೂರ್ವವಾಯಿತೆಂದೂ ಮಾರಾಟದ ಪಟ್ಟಿಗಳಲ್ಲಿ ಇಂದಿಗೂ ಓದುತ್ತೇವೆ. ಕಥೆ ರಮ್ಯವಾಗಿದೆ, ಪುಸ್ತಕದ ಬೆಲೆಯನ್ನೂ ಏರಿಸುತ್ತದೆ. ಆದರೆ ಅಂಥ ರಾಜಾಜ್ಞೆಯ ಸಮಕಾಲೀನ ದಾಖಲೆ ಯಾವುದೂ ದೊರೆತಿಲ್ಲ. ದಶಕಗಳು ಕಳೆದ ಮೇಲಷ್ಟೆ ಈ ಮಾತು ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸಾಕ್ಷ್ಯವಿಲ್ಲದ ಮಾತನ್ನು ನಂಬಬೇಡಿರೆಂದು ಬರೆದ ಗ್ರಂಥಕ್ಕೇ ಇಂಥ ಕಥೆಯೊಂದು ಅಂಟಿಕೊಂಡಿರುವುದು ವಿನೋದವಲ್ಲವೆ?

ಸ್ಕಾಟನು 1599ರಲ್ಲಿ ತೀರಿಕೊಂಡನು. ಆತನ ಗ್ರಂಥ 1651ರಲ್ಲಿ ಮರುಮುದ್ರಣವಾಯಿತು, 1665ರಲ್ಲಿ ಇನ್ನೊಮ್ಮೆ. ಈ ಕೊನೆಯ ಮುದ್ರಣದಲ್ಲಿ ಒಂದು ಕುಚೋದ್ಯ ನಡೆದಿದೆ. ಬೇರೆ ಯಾರೋ ಬರೆದ ಒಂಬತ್ತು ಅಧ್ಯಾಯಗಳೂ, ಪ್ರೇತಪಿಶಾಚಿಗಳನ್ನು ಕುರಿತ ಭಾಗವೊಂದೂ ಅದರಲ್ಲಿ ಸೇರಿಕೊಂಡಿವೆ. ಭೂತಗಳನ್ನು ಕರೆಯುವ ವಿಧಿಗಳು ಅವುಗಳಲ್ಲಿವೆ! ಮೊದಲ ಮುದ್ರಣದೊಡನೆ ತಾಳೆ ನೋಡದೆ ಇದನ್ನೊಂದನ್ನೇ ಓದಿದವನು, ಸ್ಕಾಟನಿಗೂ ಭೂತೋಚ್ಚಾಟನೆಯಲ್ಲಿ ನಂಬಿಕೆಯಿತ್ತೆಂದು ತಿಳಿದರೆ ತಪ್ಪು ಅವನದಲ್ಲ. ನಮ್ಮ ವಿದ್ವಾಂಸರು ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ ಪ್ರಕ್ಷಿಪ್ತ ಪದ್ಯಗಳನ್ನು ಬೇರ್ಪಡಿಸುವುದೂ ಇದೇ ನ್ಯಾಯದಿಂದ. ಒಂದೇ ಗ್ರಂಥದ ಮೂರು ಮುದ್ರಣಗಳನ್ನು ಸಂಗ್ರಾಹಕನು ಏಕೆ ಕೂಡಿಡುತ್ತಾನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಡ.

ಕಾಗದವೂ ಸಾಕ್ಷಿ ಹೇಳುತ್ತದೆ. ಹಳೆಯ ಕಾಲದ ಕೈಕಾಗದವನ್ನು ತಂತಿಗಳ ಜಾಲರಿಯ ಮೇಲೆ ತಯಾರಿಸುತ್ತಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡಲಾಗಿ ಸುಮಾರು ಒಂದೊಂದು ಅಂಗುಲಕ್ಕೆ ಒಂದರಂತೆ ದೂರದೂರದ ಗೆರೆಗಳೂ ಕಾಣುತ್ತವೆ. ಈ ದೂರದ ಗೆರೆಗಳು ಪೂರ್ಣ ಹಾಳೆಯ ಗಿಡ್ಡ ಅಂಚಿಗೆ ಸಮಾಂತರವಾಗಿರುತ್ತವೆ. ಹಾಳೆಯನ್ನು ಒಮ್ಮೆ ಮಡಿಸಿ ಪುಸ್ತಕ ಕಟ್ಟಿದರೆ ಅವು ಪುಟದಲ್ಲಿ ಲಂಬವಾಗಿ ನಿಲ್ಲುತ್ತವೆ. ಎರಡು ಸಲ ಮಡಿಸಿದರೆ ಅಡ್ಡಲಾಗಿ ಮಲಗುತ್ತವೆ. ಸ್ಕಾಟನ 1584ರ ಮುದ್ರಣ ಎರಡು ಮಡಿಕೆಯದು, 1665ರದು ಒಂದೇ ಮಡಿಕೆಯ ದೊಡ್ಡ ಪುಸ್ತಕ. ಬಿಡಿ ಹಾಳೆಯೊಂದನ್ನು 1584ರದೆಂದು ತೋರಿಸಿದಾಗ ಅದರಲ್ಲಿ ದೂರದ ಗೆರೆಗಳು ಲಂಬವಾಗಿದ್ದರೆ ನಾವು ಸಂದೇಹಪಡಬೇಕು. ಯಾವ ಗೆರೆಯೂ ಇಲ್ಲದ ಕಾಗದವು ಇಂಗ್ಲೆಂಡಿನಲ್ಲಿ ಪುಸ್ತಕಕ್ಕೆ ಬಂದದ್ದು 1757ರ ಸುಮಾರಿಗೆ. ಆದುದರಿಂದ ಗೆರೆಯಿಲ್ಲದ ಹಾಳೆ ಅದಕ್ಕೂ ಹಿಂದಿನ ಇಂಗ್ಲಿಷ್ ಪುಸ್ತಕದ್ದಾಗಲಾರದು. ಆದರೆ ಗೆರೆಯಿದೆಯೆಂಬಷ್ಟರಿಂದ ಹಳೆಯದೆಂದು ಸಿದ್ಧವಾಗುವುದಿಲ್ಲ. ಯಂತ್ರದ ಕಾಗದದ ಮೇಲೂ ಗೆರೆ ಮೂಡಿಸಬಹುದಷ್ಟೆ.

ಸ್ಕಾಟನಿಂದ ಮುಂದಿನವರು ಧಾರಾಳವಾಗಿ ಎರವಲು ತೆಗೆದರು. 1612ರ 'ದಿ ಆರ್ಟ್ ಆಫ್ ಜಗ್ಲಿಂಗ್' ಬಹುಮಟ್ಟಿಗೆ ಆತನ ಮಾತುಗಳೇ. 1634ರ 'ಹೋಕಸ್ ಪೋಕಸ್ ಜೂನಿಯರ್' ಕೇವಲ ಯಕ್ಷಿಣಿಗೆಂದೇ ಮೀಸಲಾಗಿ, ಬಟ್ಟಲು ಗುಂಡುಗಳ ಆಟವನ್ನು ಚಿತ್ರಸಹಿತ ಕಲಿಸುತ್ತದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜ್ಯಾನ್ ಪ್ರೆವೋ ಎಂಬವನ ಆಟಗಳ ಪುಸ್ತಕ ಬಂದದ್ದೂ 1584ರಲ್ಲಿಯೇ ಎಂಬುದು ಕಾಕತಾಳೀಯ.

ಗುಟ್ಟನ್ನು ಹೇಳುವ ಪುಸ್ತಕಗಳಲ್ಲದೆ, ತಾನೇ ಗುಟ್ಟಾಗಿರುವ ಪುಸ್ತಕವೂ ಒಂದುಂಟು. ಆಟಗಾರನು ಪುಟಗಳನ್ನು ಸರಸರನೆ ಹಾಯಿಸಿದಾಗ ಎಲ್ಲವೂ ಹೂವಿನ ಚಿತ್ರಗಳು. ಪ್ರೇಕ್ಷಕನೊಬ್ಬನು ಉಫ್ ಎಂದು ಊದಿದ ಬಳಿಕ ಎಲ್ಲವೂ ಹಕ್ಕಿಗಳು. ಮತ್ತೊಮ್ಮೆ ಊದಿದರೆ ಬರಿಯ ಬಿಳಿಯ ಹಾಳೆ. ಇದನ್ನು ಕಟ್ಟುವ ಬಗೆಯನ್ನು ಸ್ಕಾಟನೂ ಹೇಳಿದ್ದಾನೆ. ಹಾಳೆಗಳ ಹೊರ ಅಂಚಿನಲ್ಲಿ ಬೇರೆಬೇರೆ ಎತ್ತರಗಳಲ್ಲಿ ಪುಟ್ಟ ಕಿವಿಗಳನ್ನು ಬಿಟ್ಟು ಉಳಿದ ಅಂಚನ್ನು ಕತ್ತರಿಸಿರುತ್ತಾರೆ. ಹೆಬ್ಬೆರಳನ್ನು ಯಾವ ಎತ್ತರದಲ್ಲಿಟ್ಟು ಹಾಯಿಸಿದರೆ ಆ ಸಾಲಿನ ಕಿವಿಗಳಿಗೆ ಮಾತ್ರ ಅದು ತಾಗುತ್ತದೆ; ಆ ಹಾಳೆಗಳ ಬಳಿಯಲ್ಲಿಯೇ ಪುಸ್ತಕ ತೆರೆದುಕೊಂಡು, ನಡುವಿನ ಹಾಳೆಗಳು ಒಂದೇ ಹಾಳೆಯೆಂಬಂತೆ ಒಟ್ಟಿಗೆ ಸರಿದುಹೋಗುತ್ತವೆ. ಹಳೆಯ ನೋಟುಬುಕ್ಕಿನಲ್ಲಿ ಎರಡು ಸಾಲಿನ ಕಿವಿ ಕತ್ತರಿಸಿ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಕತ್ತರಿಯ ಕೆಲಸ ಅಚ್ಚುಕಟ್ಟಾಗಿರಬೇಕು.

ಹದಿನೆಂಟನೆಯ ಶತಮಾನಕ್ಕೆ ಬಂದರೆ ಅಯಸ್ಕಾಂತ, ಗಾಳಿ, ಬೆಳಕುಗಳ ಪ್ರಯೋಗಗಳೇ ವಿನೋದದ ಗ್ರಂಥಗಳಾದುವು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಯಕ್ಷಿಣಿಗಾರ ರೋಬೇರ್ ಊದ್ಯಾನನು ಮೊದಲು ಗಡಿಯಾರದ ಕೆಲಸದವನು. ಗಡಿಯಾರಶಾಸ್ತ್ರದ ಪುಸ್ತಕ ಕೇಳಿದಾಗ ಅಂಗಡಿಯವನು ತಪ್ಪಿ ಇಂಥ ವಿನೋದಗ್ರಂಥವೊಂದನ್ನು ಕಟ್ಟಿಕೊಟ್ಟನೆಂದೂ, ಅಲ್ಲಿಂದ ತನ್ನ ಬಾಳು ತಿರುಗಿತೆಂದೂ ಆತನು 1858ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆತನನ್ನೇ ಗುರುವೆಂದು ಹೆಸರಿಟ್ಟುಕೊಂಡ ಹ್ಯಾರಿ ಹೂಡಿನಿಯು ಮುಂದೆ ಹಳೆಯ ಪುಸ್ತಕಗಳನ್ನೂ ಆಟದ ಜಾಹಿರಾತುಗಳನ್ನೂ ರಾಶಿ ಹಾಕಿ, ಗುರುವು ಪರರ ಆಟಗಳನ್ನು ಕದ್ದನೆಂದು 1908ರಲ್ಲಿ ಗ್ರಂಥವನ್ನೇ ಬರೆದನು. ಅದರ ಎಷ್ಟೋ ಆಪಾದನೆಗಳು ನಿಲ್ಲಲಾರವೆಂದು ಅನಂತರದವರು ತೋರಿಸಿದರು. ರಾಶಿ ದೊಡ್ಡದಾದಷ್ಟಕ್ಕೆ ತೀರ್ಮಾನ ಸರಿಯಾಗಬೇಕೆಂದಿಲ್ಲ. ಆದರೆ ಆ ರಾಶಿಯಿಂದ ಲೋಕಕ್ಕೆ ಉಪಕಾರವಾದುದು ನಿಜ: ಹೂಡಿನಿಯ ಮರಣಾನಂತರ 1927ರಲ್ಲಿ ಅವನ 3,988 ಸಂಪುಟಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಸೇರಿದುವು.

ಪರಮನಃಪರಿಜ್ಞಾನವೆಂದು ತೋರಿಸುವ ಆಟಗಳ ಸಾಹಿತ್ಯ ಇದರಲ್ಲಿ ಬೇರೆಯದೇ ಕವಲು. ಸ್ಟೂಆರ್ಟ್ ಕಂಬರ್‌ಲೆಂಡನು ಪ್ರೇಕ್ಷಕನ ಕೈ ಹಿಡಿದು ಬಚ್ಚಿಟ್ಟ ವಸ್ತುವನ್ನು ಹುಡುಕುತ್ತಿದ್ದನು. ಅವನ ಸ್ವಾನುಭವದ ಗ್ರಂಥ 1888ರದು. ಒಂದು ದಿಕ್ಕನ್ನು ನೆನೆದ ಮಾತ್ರಕ್ಕೆ ಮಾಂಸಖಂಡಗಳು ನಮ್ಮ ಅರಿವಿಲ್ಲದೆ ಆ ಕಡೆಗೆ ಮಿಡಿಯುತ್ತವೆಂಬುದನ್ನು ವಿಲಿಯಂ ಕಾರ್ಪೆಂಟರನು 1852ರಲ್ಲಿಯೇ ವಿವರಿಸಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಯ ಬಹಳಷ್ಟು ಬರವಣಿಗೆ ಕಿರುಪುಸ್ತಿಕೆ, ನಿಯತಕಾಲಿಕೆಗಳ ರೂಪದಲ್ಲಿ ಕಸಬುದಾರರಿಗಷ್ಟೆ ಮಾರಾಟವಾಯಿತು. ಥಿಯೊಡೋರ್ ಆನೆಮನ್ನನ 'ದಿ ಜಿಂಕ್ಸ್' 1934ರಿಂದ 1941ರವರೆಗೆ ನಡೆಯಿತು. ಕೊರಿಂಡನ ಪ್ರಸಿದ್ಧ ಪಾಠಮಾಲೆ ಮೊದಲು ಹದಿಮೂರು ಪುಸ್ತಿಕೆಗಳಾಗಿ ಬಂದು, 1961ರಲ್ಲಿ ಒಂದೇ ಗ್ರಂಥವಾಯಿತು.

ಇಂಥ ಪುಸ್ತಿಕೆಗಳನ್ನು ಉಳಿಸುವುದೇ ಕಷ್ಟ. ಸ್ಕಾಟನ ಕಾಲದ ಕಾಗದ ಚಿಂದಿಬಟ್ಟೆಯ ನಾರಿನದಾದುದರಿಂದ ಇಂದಿಗೂ ಬಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಬಳಕೆಗೆ ಬಂದ ಮರದ ತಿರುಳಿನ ಅಗ್ಗದ ಕಾಗದಕ್ಕೆ ಪಟಿಕ, ರಾಳಗಳನ್ನು ಬೆರೆಸುತ್ತಿದ್ದರು. ಪಟಿಕವು ತೇವದೊಡನೆ ಕೂಡಿ ಆಮ್ಲವನ್ನುಂಟುಮಾಡುತ್ತದೆ. ಆಮ್ಲವು ಸೆಲ್ಯುಲೋಸಿನ ಸರಪಣಿಗಳನ್ನು ತುಂಡರಿಸುತ್ತದೆ. ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲ ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಅಂಟುಪಟ್ಟಿಯಿಂದ ತೇಪೆ ಹಾಕಿದರೆ ಅದರ ಅಂಟು ಕಾಲಾಂತರದಲ್ಲಿ ಹಾಳೆಯೊಳಕ್ಕೆ ಇಳಿದು ಕಲೆ ಮಾಡುತ್ತದೆ. ತುಕ್ಕು ಹಿಡಿದ ಪಿನ್ನುಗಳು ಸುತ್ತಲಿನ ಕಾಗದವನ್ನು ತಿನ್ನುತ್ತವೆ. ಅವನ್ನು ಬಲ್ಲವರಿಂದ ತೆಗೆಸಿ, ಅವೇ ತೂತುಗಳ ಮೂಲಕ ಹತ್ತಿಯ ನೂಲಿನಿಂದ ಹೊಲಿಸಬಹುದು. ಮೇಲಿನ ಬಣ್ಣದ ಹೊದಿಕೆಯನ್ನಾಗಲಿ, ಬೆಲೆ ಅಚ್ಚಾದ ಹಿಂಬದಿಯ ಜಾಹಿರಾತು ಪುಟವನ್ನಾಗಲಿ ಕಿತ್ತುಹಾಕಿ ಒಟ್ಟಿಗೆ ರಟ್ಟು ಕಟ್ಟಿಸಬಾರದು. ಎಷ್ಟೋ ಪುಸ್ತಿಕೆಗಳಲ್ಲಿ ಅಚ್ಚಾದ ಕಾಲವನ್ನು ಊಹಿಸಲು ಉಳಿದಿರುವ ಆಧಾರ ಆ ಪುಟವೊಂದೇ.