ಮುಪ್ಪಿನ ರೊಕ್ಕ ಯಾರ ಕೈಯಾಗ ಐತಿ?



ಸಾಲ, ಬಡ್ಡಿ, ಎಮ್ಮೆ, ಹೊಲಿಗೆ ಯಂತ್ರ, ಮಕ್ಕಳ ಮದುವೆ ಬಗ್ಗೆ ನಮ್ಮ ಸಂಘಗಳಲ್ಲಿ ಸಾಕಷ್ಟು ಮಾತಾಡಿದ್ದೇವೆ. ಅರವತ್ತು ದಾಟಿದ ಮೇಲೆ ನಾವು ಕೂಡಿಟ್ಟ ರೊಕ್ಕ ಬೇಕಾದಾಗ ನಮಗೆ ಸಿಗುತ್ತದೆಯೇ, ಸಿಗದಿದ್ದರೆ ದೇಹಕ್ಕೆ ಏನಾಗುತ್ತದೆ ಎಂಬ ಮಾತು ಮಾತ್ರ ಹಿಂದೆ ಬಿದ್ದಿದೆ. ಈ ಸಲ ಅದನ್ನೇ ಅಭ್ಯಾಸ ಮಾಡೋಣ.

ತಂಗಡಗಿಯ ನೀಲಮ್ಮ ತಾಯಿಯ ಗುಡಿ ಹತ್ತಿರ ಕೂತ ವಯಸ್ಸಾದ ತಾಯಂದಿರನ್ನು ಕೇಳಿ ನೋಡಿ. ಬಿಪಿ, ಶುಗರ್ ಇಲ್ಲದವರು ಕಡಿಮೆ. ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ, ಖರೆ. ಆದರೆ ಅಲ್ಲಿ ಗುಳಿಗೆ ತೀರಿದ ದಿನ ಹೊರಗೆ ಕೊಳ್ಳಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆದರೆ ಆಟೋದವನು ಪುಕ್ಕಟೆ ಒಯ್ಯುವುದಿಲ್ಲ. ಆಗ ಅಜ್ಜಿ ಮಗನನ್ನು ಕೇಳಬೇಕು. ಮಗ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿರುತ್ತಾನೆ, ಸೊಸೆಯನ್ನು ಕೇಳಲು ಸಂಕೋಚ. ಹಾಗಾಗಿ "ದಿನಾ ಒಂದು ಯಾಕ, ದಿನಾ ಬಿಟ್ಟು ದಿನಾ ತಗೊಂಡ್ರಾತು" ಅಂತ ತಾನೇ ಗುಳಿಗೆ ಕಡಿಮೆ ಮಾಡುತ್ತಾಳೆ. ಬಿಪಿ ಏರಿದ್ದು ಹೊರಗೆ ಕಾಣುವುದಿಲ್ಲ. ಒಂದು ದಿನ ಲಕ್ವಾ ಹೊಡೆದಾಗಲೇ ಗೊತ್ತಾಗುವುದು. ಅಷ್ಟೊತ್ತಿಗೆ ಐವತ್ತು ರೂಪಾಯಿಯ ಕೆಲಸ ಐವತ್ತು ಸಾವಿರಕ್ಕೆ ಹೋಗಿರುತ್ತದೆ.

ಇದೇ ಅಜ್ಜಿಯ ಹೆಸರಿನಲ್ಲಿ ಸಂಘದಲ್ಲಿ ಹತ್ತು ಹದಿನೈದು ವರ್ಷದ ಉಳಿತಾಯ ಇರಬಹುದು. ಇಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮೊಣಕಾಲು ನೋವಿನಿಂದ ಸಭೆಗೆ ಬರದ ಹಿರಿಯ ಸದಸ್ಯೆಗೆ ಎಷ್ಟೋ ಸಂಘಗಳು ಮೊದಲು ದಂಡ ಹಾಕುತ್ತವೆ, ಆಮೇಲೆ ಹೆಸರು ತೆಗೆಯುತ್ತವೆ. ರೊಕ್ಕ ಕೇಳಿದರೆ "ಎಲ್ಲಾ ಸಾಲದಾಗ ಹೋಗೇತಿ, ಸಂಘ ಒಡದಾಗ ಕೊಡ್ತೀವಿ" ಎನ್ನುತ್ತಾರೆ. ಬೇರೆಯವರು ಅವಳ ರೊಕ್ಕದಲ್ಲಿ ಎಮ್ಮೆ ಕೊಂಡಿರುತ್ತಾರೆ, ಅವಳಿಗೆ ಗುಳಿಗೆಗೆ ಇಲ್ಲ. ಇದು ನ್ಯಾಯವಲ್ಲ. ಅರವತ್ತು ದಾಟಿದವರು ಬಿಟ್ಟರೆ ಒಂದು ತಿಂಗಳೊಳಗೆ ಉಳಿತಾಯ ಮತ್ತು ಲಾಭದ ಪಾಲು ಕೊಡಬೇಕು. ದವಾಖಾನೆಯ ಖರ್ಚಿಗೆ ಅವಳ ಉಳಿತಾಯದಿಂದ ಅದೇ ದಿನ ಕೊಡಬೇಕು, ಜಾಮೀನು ಕೇಳಬಾರದು ಎಂದು ಠರಾವು ಬರೆಯಿರಿ. ಇದಕ್ಕಾಗಿ ಪೆಟ್ಟಿಗೆಯಲ್ಲೋ ಬ್ಯಾಂಕಿನಲ್ಲೋ ಸ್ವಲ್ಪ ಮೊತ್ತ ಸಾಲಕ್ಕೆ ಕೊಡದೆ ಇಡಬೇಕಾಗುತ್ತದೆ.

ಹಾಗಂತ ಎಲ್ಲ ರೊಕ್ಕವೂ ಕೈಗೆಟಕುವಂತೆ ಇದ್ದರೆ ಮದುವೆ, ಜಾತ್ರೆ, ಬೋರ್‌ವೆಲ್ಲಿಗೆ ಕರಗಿಹೋಗುತ್ತದೆ. ಅದಕ್ಕೆ ಒಂದು ಪಾಲು ಬೀಗ ಹಾಕಿದ್ದೂ ಇರಲಿ. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ಅಂಥದ್ದು. 18ರಿಂದ 40 ವರ್ಷದವರು ಸೇರಬಹುದು. ಅರವತ್ತಕ್ಕೆ ತಿಂಗಳಿಗೆ 1,000 ರೂ. ಬರಬೇಕಾದರೆ 25ರಲ್ಲಿ ಸೇರಿದವರು ತಿಂಗಳಿಗೆ 76 ರೂ., 35ರಲ್ಲಿ ಸೇರಿದವರು 181 ರೂ., 40ರಲ್ಲಿ ಸೇರಿದವರು 291 ರೂ. ಕಟ್ಟಬೇಕು. ಚಂದಾದಾರಳು ತೀರಿಕೊಂಡರೆ ಗಂಡನಿಗೆ ಅದೇ ಪಿಂಚಣಿ, ಅವನ ನಂತರ ನಾಮಿನಿಗೆ ಗಂಟು. ನಡುವೆ ಸ್ವಲ್ಪ ಸ್ವಲ್ಪ ತೆಗೆಯಲು ಬರುವುದಿಲ್ಲ. ಈಗಿನ ತುಟ್ಟಿಯಲ್ಲಿ ಸಾವಿರ ರೂಪಾಯಿ ಏನೂ ಸಾಲದು, ಮುಂದಂತೂ ಇನ್ನೂ ಕಡಿಮೆ. ಶಕ್ತಿ ಇದ್ದವರು 5,000ದವರೆಗಿನ ಪಿಂಚಣಿಗೆ ಕಟ್ಟುವುದು ಒಳ್ಳೆಯದು. ನಲವತ್ತು ದಾಟಿದವರಿಗೆ ಪೋಸ್ಟಿನ ಆರ್‌ಡಿ ಇದೆ, ತಿಂಗಳಿಗೆ 100 ರೂಪಾಯಿಯಿಂದ.

ಇನ್ನು ಸರ್ಕಾರದ "ಪಗಾರ". 65 ದಾಟಿದವರ ಸಂಧ್ಯಾ ಸುರಕ್ಷಾ 2021ರಲ್ಲಿ 1,000ದಿಂದ 1,200 ರೂ. ಆಯಿತು. ರೊಕ್ಕ ಖಾತೆಗೆ ಬಂದರೂ ದುಡಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಹಿಡಿಯುವುದಿಲ್ಲ. ಆಗ ಸುಮ್ಮನೆ ತಿರುಗಿ ಬರಬೇಡಿ. ಪಾಸ್‌ಬುಕ್ ಹಿಡಿದು ಬ್ಯಾಂಕಿನ ಶಾಖೆಗೇ ಹೋಗಿ. ಹಾಸಿಗೆ ಹಿಡಿದು ಬ್ಯಾಂಕಿಗೆ ಬರಲಾಗದವರಿಗೂ ರಿಸರ್ವ್ ಬ್ಯಾಂಕ್ ದಾರಿ ಇಟ್ಟಿದೆ. ಹಣ ತೆಗೆಯುವ ಫಾರ್ಮಿನ ಮೇಲೆ ಹೆಬ್ಬೆಟ್ಟು ಒತ್ತಿ, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಗುರುತಿಸಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. ಇದನ್ನು ಕೇಳುವುದು ಭಿಕ್ಷೆಯಲ್ಲ.

ಅಜ್ಜಿಯ ಕೈಗೆ ರೊಕ್ಕ ಕೊಟ್ಟರೆ ಮನೆಗೆ ನಷ್ಟ ಅನ್ನುವವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ವೃದ್ಧಾಪ್ಯ ಪಿಂಚಣಿ ಬರುವ ಮನೆಗಳನ್ನು ಆನ್ ಕೇಸ್ ಎಂಬ ಅರ್ಥಶಾಸ್ತ್ರಜ್ಞೆ ಅಭ್ಯಾಸ ಮಾಡಿದರು. ಆದಾಯ ಒಟ್ಟುಗೂಡಿಸುವ ಮನೆಗಳಲ್ಲಿ ದೊಡ್ಡವರೆಲ್ಲರ ಆರೋಗ್ಯ ಸುಧಾರಿಸಿತ್ತು. ಕೂಡಿಸದ ಮನೆಗಳಲ್ಲಿ ಪಿಂಚಣಿ ಪಡೆಯುವವರದು ಮಾತ್ರ. ಹೊಟ್ಟೆಗೆ ಸರಿಯಾಗಿ ಬಿದ್ದದ್ದು, ಮನಸ್ಸಿನ ಚಿಂತೆ ಇಳಿದದ್ದು ಇದಕ್ಕೆ ಕಾರಣವೆಂದು ಅವರು ಕಂಡರು. ಅಂದರೆ ಮೊಮ್ಮಕ್ಕಳ ಹಾಲಿಗೆ ಅಜ್ಜಿ ಕೊಡಲಿ, ಬೇಡ ಎನ್ನುವವರಾರು? ಕೊಡುವ ಕೈ ಅವಳದಾಗಿರಲಿ, ಪಾಸ್‌ಬುಕ್ ಅವಳ ಟ್ರಂಕಿನಲ್ಲೇ ಇರಲಿ.

ಸಭೆಯಲ್ಲಿ ಚರ್ಚಿಸಲು: ನಮ್ಮ ಸಂಘದಲ್ಲಿ ಅರವತ್ತು ದಾಟಿದವರು ಎಷ್ಟು ಜನ, ಪ್ರತಿಯೊಬ್ಬರ ಉಳಿತಾಯ ಇವತ್ತಿಗೆ ಎಷ್ಟು? ಹೆಸರು ತೆಗೆದ ಹಿರಿಯರ ಬಾಕಿ ಕೊಟ್ಟಿದ್ದೇವೆಯೇ? ಸಭೆಗೆ ಬರಲಾಗದವರ ಮನೆಗೆ ಈ ವಾರ ಪುಸ್ತಕ ತಗೊಂಡು ಹೋಗಿ ಲೆಕ್ಕ ಓದಿ ಹೇಳುವವರು ಯಾರು?