‘ಒಂದು ಮೊಟ್ಟೆಯ ಕಥೆ’: ಪಾತ್ರದಿಂದ ಹುಟ್ಟುವ ನಗು

ಲವ್ ಸ್ಟೋರಿ ಅಂದ ತಕ್ಷಣ ನಮಗೆ ನೆನಪಾಗೋದು ಫಾರಿನ್ ಸಾಂಗ್, ಹೀರೋ ಎಂಟ್ರಿ, ಒಂದೆರಡು ಫೈಟು. ಇದ್ಯಾವುದೂ ಇಲ್ಲದೆ ಒಂದು ಪ್ರೇಮಕಥೆ ನಗಿಸೋದು ಹೇಗೆ? ಈ ಸಲ ಅದನ್ನೇ ಕಲಿಯೋಣ. ಉದಾಹರಣೆಗೆ 2017ರ ‘ಒಂದು ಮೊಟ್ಟೆಯ ಕಥೆ’ ತಗೊಳ್ಳೋಣ. ಬರೆದವರು, ನಿರ್ದೇಶಿಸಿದವರು, ಮುಖ್ಯ ಪಾತ್ರ ಮಾಡಿದವರು ಒಬ್ಬರೇ, ರಾಜ್ ಬಿ. ಶೆಟ್ಟಿ. ನಿರ್ದೇಶಕರಾಗಿ ಅವರಿಗಿದು ಮೊದಲ ಸಿನಿಮಾ.

1. ಮೊದಲು ಪಾತ್ರ, ಆಮೇಲೆ ಕಥೆ

ಜನಾರ್ದನ ಮಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ. ತಲೆ ಬೋಳು, ಸ್ವಭಾವ ಸಂಕೋಚದ್ದು, ಡಾ. ರಾಜ್‌ಕುಮಾರ್ ಅಂದ್ರೆ ಪ್ರಾಣ. ಬೇಗ ಮದುವೆಯಾಗದಿದ್ದರೆ ಸನ್ಯಾಸಿಯೇ ಗತಿ ಅಂತ ಜ್ಯೋತಿಷಿ ಹೇಳಿಬಿಡ್ತಾರೆ. ಅಲ್ಲಿಗೆ ಬಂತು ನೋಡಿ, ಡೆಡ್‌ಲೈನ್! ಅಸೈನ್‌ಮೆಂಟ್ ಸಬ್‌ಮಿಶನ್ ಹಿಂದಿನ ರಾತ್ರಿ ಕಂಡವರಿಗೆ ಅವನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

2. ನಗು ಎಲ್ಲಿಂದ ಬರುತ್ತೆ?

ಇಲ್ಲಿ ಯಾರೂ ಜೋಕ್ ಹೇಳೋಕೆ ಅಂತ ಬರಲ್ಲ. ಜನಾರ್ದನನ ಮನಸ್ಸಿನಲ್ಲಿ ಅಣ್ಣಾವ್ರ ಹಾಡು, ಎದುರಿಗೆ ಕನ್ನಡಿ. ಹಾಡು ಕೇಳುವಾಗ ಅವನೇ ಹೀರೋ, ಕನ್ನಡಿ ಒಪ್ಪಲ್ಲ. ಈ ಎರಡರ ನಡುವಿನ ಅಂತರವೇ ಕಾಮಿಡಿ. ಶೆಟ್ಟರು ಮುಖ ಹೆಚ್ಚು ಆಡಿಸದೆ, ಸುಮ್ಮನೆ ನಿಂತೇ ನಗಿಸ್ತಾರೆ.

3. ಪಾತ್ರಕ್ಕೊಂದು ಪರೀಕ್ಷೆ

ಬರೀ ಬೋಳು ತಲೆಯ ಕಥೆಯಾಗಿದ್ರೆ ಅರ್ಧ ಗಂಟೆಗೆ ಮುಗೀತಿತ್ತು. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಸರಳಾಳನ್ನು ಎದುರಿಗೆ ಕಂಡಾಗ ಜನಾರ್ದನನಿಗೆ ಮೊದಲು ಕಾಣೋದು ಅವಳ ದಪ್ಪ ಮೈ. ತನ್ನ ತಲೆ ನೋಡಿ ಅಳೆಯಬೇಡಿ ಅಂತಿದ್ದವನೇ ಅವಳನ್ನು ಮೈ ನೋಡಿ ಅಳೀತಾನೆ. ಅಲ್ಲಿಯವರೆಗೆ ಪಾಪ ಅನ್ನಿಸಿದವನ ಮೇಲೆ ನಮಗೆ ಸಿಟ್ಟು ಬರುತ್ತೆ. ಸಮಸ್ಯೆ ತಲೆಯಲ್ಲಲ್ಲ, ಕಣ್ಣಲ್ಲಿದೆ ಅಂತ ಆಗ ಗೊತ್ತಾಗುತ್ತೆ. ಇದನ್ನು ಯಾರೂ ಭಾಷಣ ಮಾಡಿ ಹೇಳಲ್ಲ, ಒಳ್ಳೆ ಸಿನಿಮಾದ ಲಕ್ಷಣ ಅದು. ಆಮೇಲೇನಾಯ್ತು ಅನ್ನೋದನ್ನು ನೋಡದವರಿಗೋಸ್ಕರ ಇಲ್ಲಿಗೇ ನಿಲ್ಲಿಸ್ತೀವಿ.

4. ಬೇರೆ ಊರಲ್ಲೂ ನಿಲ್ಲುತ್ತಾ?

2019ರಲ್ಲಿ ಇದು ಮಲಯಾಳಂನಲ್ಲಿ ‘ತಮಾಶಾ’, ಹಿಂದಿಯಲ್ಲಿ ‘ಉಜಡಾ ಚಮನ್’ ಆಯ್ತು. ಭಾಷೆ ಬದಲಾಯ್ತು, ಊರು ಬದಲಾಯ್ತು. ಬದಲಾಗದೆ ಉಳಿದಿದ್ದು ಆ ಹುಡುಗನ ಕೊರಗು, ಅವನ ಕುರುಡು. ಪಾತ್ರ ಗಟ್ಟಿಯಾಗಿದ್ರೆ ಕಥೆ ಗಡಿ ದಾಟುತ್ತೆ.

ನಮಗೇನು ಪಾಠ?

ಹಾಸ್ಟೆಲ್‌ನಲ್ಲಿ ನಾವಿಡೋ ಅಡ್ಡಹೆಸರುಗಳನ್ನು ಒಮ್ಮೆ ಪಟ್ಟಿ ಮಾಡಿ. ಎಷ್ಟು ಹೆಸರು ಕೂದಲು, ಬಣ್ಣ, ಎತ್ತರ, ತೂಕದ ಮೇಲಿವೆ? ಹಾಗೆ ಕರೆದಾಗ ಆ ಗೆಳೆಯನೂ ನಗ್ತಾನೆ. ಜನಾರ್ದನನನ್ನು ನೋಡಿದ ಮೇಲೆ ಆ ನಗುವಿನ ಮೇಲೆ ಸ್ವಲ್ಪ ಅನುಮಾನ ಬರುತ್ತೆ.

ಮುಂದಿನ ಸಲ ಯಾವ ರೊಮ್ಯಾಂಟಿಕ್ ಕಾಮಿಡಿ ನೋಡಿದ್ರೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಇವನಿಗೆ ಏನು ಬೇಕು? ಇವನ ಕಣ್ಣಿಗೆ ಏನು ಕಾಣ್ತಿಲ್ಲ? ನಾವು ನಗ್ತಿರೋದು ಇವನ ಜೊತೆಗಾ, ಇವನನ್ನು ನೋಡಿಯಾ?